ಕೊಡೆ ಹಾಕಿದವರು

ಹತ್ತನೆಯ ತರಗತಿಗೆ ಮಧ್ಯಾಹ್ನದ ಕೊನೆಯ ಎರಡು ಪಿರಿಯಡ್ ಭಾಷೆಯ ಪಾಠ. ಭಾಷಾ ಮೇಷ್ಟ್ರು ಎಂದಿನಂತೆ ಸರಿಯಾದ ಹೊತ್ತಿಗೆ ಒಳಗೆ ಬಂದರು, ಹಾಜರಿ ಕರೆದರು, ಕಪ್ಪು ಹಲಗೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಪಾಠದ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದರು. ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು, ಬಾಗಿದ ಮರದ ಹಿಡಿಯ ತಮ್ಮ ಕಪ್ಪು ಕೊಡೆಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದರು. ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಹಾಳೆ ಹಾರದಂತೆ ಅದರ ಮೇಲೆ ಕನ್ನಡಕದ ಖಾಲಿ ಡಬ್ಬಿ ಇಟ್ಟರು.

"ಓದ್ಕೊಳ್ತಾ ಇರಿ. ಈಗ ಬಂದೆ."

ಈಗ ಬಂದೆ ಎಂದವರು ಕೊನೆಯ ಗಂಟೆಗೆ ಐದು ನಿಮಿಷ ಇರುವಾಗ ಬರುತ್ತಾರೆ, ಬಂದು ಕೊಡೆ ಎತ್ತಿಕೊಂಡು ಹೋಗುತ್ತಾರೆ ಎಂಬುದು ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರಿಗೂ ಗೊತ್ತಿತ್ತು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಗಲಾಟೆ ಮಾಡಿದರೆ ಹೆಡ್‌ಮಿಸ್ ಬಂದುಬಿಡುತ್ತಾರೆ, ಹೆಡ್‌ಮಿಸ್ ಬಂದರೆ ಗಣಿತದವರನ್ನು ಕಳಿಸುತ್ತಾರೆ. ಆ ಭಯಕ್ಕೆ ನಲವತ್ತು ಮಕ್ಕಳು ಬೆಕ್ಕಿನ ಹೆಜ್ಜೆಯಷ್ಟು ಸದ್ದಿಲ್ಲದೆ ತಂತಮ್ಮ ಕೆಲಸಕ್ಕೆ ಕೂತರು. ಒಬ್ಬ ಮಲಗಿದ, ಇಬ್ಬರು ಚುಕ್ಕಿ ಆಟಕ್ಕೆ ಗೆರೆ ಹಾಕಿದರು, ಒಬ್ಬಳು ಪಕ್ಕದವಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಹೆಡ್‌ಮಿಸ್ ವರಾಂಡದಲ್ಲಿ ಹಾದುಹೋಗುವಾಗ ಕಿಟಕಿಯಿಂದ ಇಣುಕಿ, ಕೊಡೆ ಕಂಡು, ಮೇಷ್ಟ್ರು ಇಲ್ಲೇ ಎಲ್ಲೋ ಇದ್ದಾರೆ ಎಂದುಕೊಂಡು ಮುಂದೆ ಹೋದರು. ಶಿಕ್ಷಕರ ಸಭೆಗಳಲ್ಲಿ ಅವರು ಎರಡು ಸಲ ಹೇಳಿದ್ದರು: "ಶಿಸ್ತು ಅಂದ್ರೆ ಭಾಷಾ ಮೇಷ್ಟ್ರ ಕ್ಲಾಸು ನೋಡಿ ಕಲೀಬೇಕು."

ಹಾಗೆಂದು ಮೇಷ್ಟ್ರು ಕೆಟ್ಟವರಲ್ಲ. ಸೋಮಾರಿ ಎಂದರಂತೂ ಅವರು ನಖಶಿಖಾಂತ ಉರಿದುಬೀಳುತ್ತಿದ್ದರು. ಹನ್ನೊಂದು ವರ್ಷದಿಂದ ಅವರು ಒಂದು ಪದಕೋಶ ಕಟ್ಟುತ್ತಿದ್ದರು. ಅಚ್ಚಾದ ನಿಘಂಟುಗಳಲ್ಲಿ ಸಿಗದ, ಊರಿನ ಬಾಯಲ್ಲಿ ಮಾತ್ರ ಓಡಾಡುವ ಪದಗಳ ಕೋಶ. ಅಂಥ ಪದಗಳು ತರಗತಿಯಲ್ಲಿ ಎಲ್ಲಿ ಸಿಗಬೇಕು? ಬಸ್ ನಿಲ್ದಾಣದ ಪಕ್ಕದ ಚಹದಂಗಡಿಯಲ್ಲಿ ಸಿಗುತ್ತವೆ. ಅಲ್ಲಿನ ಮೂಲೆಯ ಬೆಂಚಿನಲ್ಲಿ ಕೂತು, ಕಿವಿ ತೆರೆದಿಟ್ಟು, ಕಿಸೆಯಲ್ಲಿದ್ದ ಚೀಟಿಗಳ ಮೇಲೆ ಬರೆದುಕೊಳ್ಳುವುದೇ ಅವರ ಮಧ್ಯಾಹ್ನದ ಕೆಲಸ. ಬಿಸಿಲಲ್ಲಿ ಬರಿತಲೆಯಲ್ಲಿ ಹೋಗುತ್ತಿದ್ದರು. ಮಳೆ ಬಂದರೆ ತಲೆಗೆ ಕರವಸ್ತ್ರ ಹಾಕಿಕೊಂಡು ಓಡುತ್ತಿದ್ದರು, ಏಕೆಂದರೆ ಕೊಡೆ ಡ್ಯೂಟಿಯ ಮೇಲಿರುತ್ತಿತ್ತು. ಮನೆಯಲ್ಲಿ ಏಳು ಬೂಟಿನ ಡಬ್ಬಿಗಳ ತುಂಬ ಚೀಟಿಗಳಿದ್ದವು. ಅಕಾರದಿಂದ ಹೊರಟ ಕೋಶ ಈಗ ‘ಕ’ ಅಕ್ಷರಕ್ಕೆ ಬಂದು ನಿಂತಿತ್ತು.

ಅವತ್ತು ಸಂಜೆ ಅವರ ಹೆಂಡತಿ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ಚಪ್ಪಲಿ ಕಳಚಿ ಉಸ್ಸೆಂದು ಕೂತರು. ಅವರು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವರು.

"ರೀ, ಸ್ವಲ್ಪ ಮುಲಾಮು ಹಚ್ಚಿಕೊಡ್ರೀ. ಭುಜ ಎತ್ತೋಕಾಗ್ತಿಲ್ಲ. ಇವತ್ತು ನಮ್ಮ ಲೈನಲ್ಲಿ ಇಬ್ಬರು ಕೊಡೆ ಹಾಕ್ಬಿಟ್ರು. ಅವರ ಕಾಲರೆಲ್ಲ ನನ್ನ ತಲೆಗೆ ಬಂತು."

"ಏನು ಹಾಕಿದ್ರು?"

"ಕೊಡೆ."

"ಇವತ್ತು ಮಳೆ ಎಲ್ಲಿತ್ತು?"

ಹೆಂಡತಿ ನೋವಿನಲ್ಲೂ ನಕ್ಕರು. "ಅಯ್ಯೋ, ನಿಜವಾದ ಕೊಡೆ ಅಲ್ಲ. ಬಂದು ಹಾಜರಿ ಹಾಕಿ, ಮಿಷನ್ ಮೇಲೆ ಬ್ಯಾಗೋ ಸ್ವೆಟರೋ ಇಟ್ಟು ಮಾಯವಾಗೋದು. ದೂರದಿಂದ ನೋಡಿದ ಸೂಪರ್‌ವೈಸರ್‌ಗೆ ‘ಇಲ್ಲೇ ಎಲ್ಲೋ ಇದಾಳೆ’ ಅನ್ನಿಸ್ಬೇಕು, ಅಷ್ಟೇ. ಚಿಕ್ಕ ಹುಡುಗೀರು ಅದನ್ನ ಕೊಡೆ ಹಾಕೋದು ಅಂತಾರೆ. ಈಗ ನಮ್ಮ ಬಾಯಿಗೂ ಹತ್ತಿದೆ. ಪದ ಪದ ಅಂತ ಊರೆಲ್ಲ ಅಲೀತೀರಿ, ಇದು ಗೊತ್ತಿಲ್ವಾ ನಿಮಗೆ?"

ಮೇಷ್ಟ್ರ ಕಿವಿ ನೆಟ್ಟಗಾಯಿತು. ಎಂಥ ಪದ! ಅದೂ ‘ಕ’ ಅಕ್ಷರದ್ದೇ! ಒಂದು ಕೈಯಲ್ಲಿ ಹೆಂಡತಿಯ ಭುಜಕ್ಕೆ ಮುಲಾಮು ತಿಕ್ಕುತ್ತ, ಇನ್ನೊಂದು ಕೈಯಲ್ಲಿ ಚೀಟಿಯ ಮೇಲೆ ಗೀಚಿಕೊಂಡರು. "ಎರಡು ಕೈಯಲ್ಲಿ ತಿಕ್ಕಿದ್ರೆ ನಿಮ್ಮ ಪದ ಓಡಿಹೋಗಲ್ಲ" ಎಂದು ಹೆಂಡತಿ ಗದರಿದರು. ಮೇಷ್ಟ್ರಿಗೆ ಅದು ಕೇಳಿಸಿದರೆ ತಾನೆ? ಆ ಮಾತಿಗೂ ತಮಗೂ ಸಂಬಂಧ ಇರಬಹುದು ಎಂಬ ಅನುಮಾನ ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಕೆಲಸ ತಪ್ಪಿಸುವವರು ಬೇರೆ ಜಾತಿಯ ಜನ, ತಾವು ಕೆಲಸದ ಮೇಲೆ ಹೊರಗೆ ಹೋಗುವವರು ಎಂದೇ ಅವರ ನಂಬಿಕೆ.

ಊಟ ಮುಗಿಸಿ ಅವರು ಪದದ ಮೂಲದ ಬಗ್ಗೆ ಎರಡು ಪುಟ ಟಿಪ್ಪಣಿ ಬರೆದರು. ಕೊಡೆ ಎಂದರೆ ನೆರಳು, ನೆರಳಲ್ಲಿ ಕೂತವನು ದುಡಿಯುವುದಿಲ್ಲ, ಆದ್ದರಿಂದ ಈ ಅರ್ಥ. ಅಥವಾ ಹಿಂದೆ ರಾಜರ ತಲೆಯ ಮೇಲೆ ಕೊಡೆ ಹಿಡಿಯಲೆಂದೇ ಇದ್ದ ಸೇವಕರು ಬೇರೇನೂ ಮಾಡುತ್ತಿರಲಿಲ್ಲವಾದ್ದರಿಂದ ಈ ಅರ್ಥ. ಎರಡನೆಯದನ್ನು ಬರೆದಾಗ ಅವರಿಗೆ ಮೈ ಜುಮ್ಮೆಂದಿತು. ಈ ಪದಕ್ಕೆ ಕನಿಷ್ಠ ಮುನ್ನೂರು ವರ್ಷ ವಯಸ್ಸಾಗಿರಬೇಕು!

ಮರುದಿನ ಕುರ್ಚಿಗೆ ಕೊಡೆ ಸಿಕ್ಕಿಸಿ ನೇರ ಚಹದಂಗಡಿಗೆ ಹೋದರು. ಅಂಗಡಿಯವನಿಗೆ ಕೇಳಿದರು: "ಕೊಡೆ ಹಾಕೋದು ಅಂದ್ರೆ ಗೊತ್ತೇನಯ್ಯ?"

ಚಹ ಸೋಸುತ್ತಿದ್ದವನ ಕೈ ಒಂದು ಕ್ಷಣ ನಿಂತಿತು. "ಅದೇನೋ ಮೇಷ್ಟ್ರೇ... ಮಕ್ಕಳ ಮಾತು. ನಿಮಗೆ ಸಕ್ಕರೆ ಎಷ್ಟು?"

ಹನ್ನೊಂದು ವರ್ಷದಿಂದ ಸಕ್ಕರೆ ಎಷ್ಟೆಂದು ಕೇಳದವನು ಇವತ್ತೇಕೆ ಕೇಳಿದ ಎಂದು ಮೇಷ್ಟ್ರು ಯೋಚಿಸುವಷ್ಟರಲ್ಲಿ, ಎದುರು ಬೆಂಚಿನ ಬಸ್ ಕಂಡಕ್ಟರ್ ಬಾಯಿ ಹಾಕಿದ. ಅವನು ಈ ಮಾರ್ಗಕ್ಕೆ ಹೊಸಬ, ಮೇಷ್ಟ್ರ ಪರಿಚಯ ಅಷ್ಟಕ್ಕಷ್ಟೆ.

"ನನ್ನ ಕೇಳಿ ಸಾರ್, ನಾನು ಹೇಳ್ತೀನಿ. ಚಕ್ಕರ್ ಹೊಡೆಯೋದು ಅಂದ್ರೆ ಹೋಗದೇ ಇರೋದು. ಡುಮ್ಕಿ ಹೊಡೆಯೋದು ಅಂದ್ರೆ ಹೊರಟವನು ದಾರೀಲೇ ಮಾಯ ಆಗೋದು. ಕಾಲೇಜಿನವರು ಬಂಕ್ ಅಂತಾರೆ, ಅದು ಫ್ಯಾಷನ್ನು. ಆದ್ರೆ ಕೊಡೆ ಹಾಕೋದು ಇದೆಯಲ್ಲ, ಅದರ ಮಜಾನೇ ಬೇರೆ. ಅದ್ರಲ್ಲಿ ನೀವು ಅಲ್ಲೂ ಇರ್ತೀರಿ, ಇಲ್ಲೂ ಇರ್ತೀರಿ. ಚಕ್ಕರ್ ಹೊಡೆದವನು ಬೈಸ್ಕೊಳ್ತಾನೆ, ಕೊಡೆ ಹಾಕಿದವನಿಗೆ ಬಡ್ತಿ ಸಿಗುತ್ತೆ!"

ಅಂಗಡಿಯವನು ಕಂಡಕ್ಟರನಿಗೆ ಕಣ್ಣು ಮಿಟುಕಿಸಿದ, ಕೆಮ್ಮಿದ, ಕೊನೆಗೆ ಚಮಚ ಬೀಳಿಸಿದ. ಕಂಡಕ್ಟರನಿಗೆ ಯಾವುದೂ ತಲೆಗೆ ಹೋಗಲಿಲ್ಲ.

"ಭಲೇ!" ಎಂದರು ಮೇಷ್ಟ್ರು. ಚೀಟಿ ತುಂಬಿ ಹಿಂಬದಿಗೂ ಬರೆದಿದ್ದರು. "ಇದನ್ನ ಮೊದಲು ಎಲ್ಲಿ ಕೇಳಿದ್ರಿ?"

"ಅಂಚೆ ಕಚೇರೀಲಿ ಸಾರ್. ಸ್ಟಾಂಪಿನ ಕೌಂಟರಲ್ಲಿ ಒಬ್ಬ ಹುಡುಗಿ ಕೂರ್ತಾರಲ್ಲ, ಅವರು ಹೇಳಿದ್ದು. ಹುಟ್ಟಿದ ಜಾಗ ಅವರಿಗೆ ಗೊತ್ತಂತೆ."

ಪದದ ಹುಟ್ಟಿದ ಜಾಗ! ಮೇಷ್ಟ್ರು ಅರ್ಧ ಲೋಟ ಚಹ ಬಿಟ್ಟು ಎದ್ದರು. "ಮೇಷ್ಟ್ರೇ, ನಾಳೆ ಹೋದ್ರಾಯ್ತು" ಎಂದು ಅಂಗಡಿಯವನು ಕೂಗಿದ್ದು ಅವರ ಬೆನ್ನಿಗೆ ಬಿತ್ತು.

ಅಂಚೆ ಕಚೇರಿಯಲ್ಲಿ ಆ ಹೊತ್ತಿಗೆ ಜನ ಇರಲಿಲ್ಲ. ಸ್ಟಾಂಪಿನ ಕೌಂಟರಿನ ಹಿಂದೆ ಕೂತಿದ್ದವಳನ್ನು ನೋಡಿದೊಡನೆ ಮೇಷ್ಟ್ರಿಗೆ ಗುರುತು ಸಿಕ್ಕಿತು. ಎಂಟು ವರ್ಷದ ಹಿಂದೆ ಹತ್ತನೆಯ ತರಗತಿಯ ಲೀಡರ್ ಆಗಿದ್ದವಳು. ಅವಳೂ ಎದ್ದುನಿಂತಳು.

"ಸರ್! ಸ್ಟಾಂಪು ಬೇಕಿತ್ತಾ?"

"ಸ್ಟಾಂಪಲ್ಲಮ್ಮ, ಒಂದು ಪದ ಬೇಕಿತ್ತು. ಕೊಡೆ ಹಾಕೋದು ಅಂತಾರಲ್ಲ, ಅದು ಎಲ್ಲಿ ಹುಟ್ಟಿದ್ದು ನಿನಗೆ ಗೊತ್ತಂತೆ. ನನ್ನ ಊಹೆ ಏನಂದ್ರೆ, ರಾಜರ ಕಾಲದಲ್ಲಿ..."

ಮೇಷ್ಟ್ರು ರಾಜರ ಕೊಡೆಯ ಕಥೆಯನ್ನು ಸಾಂಗವಾಗಿ ಹೇಳಿದರು. ಅವಳ ಕಣ್ಣು ದೊಡ್ಡದಾಯಿತು, ತುಟಿ ನಡುಗಿತು, ಮುಖ ಕೆಂಪಾಯಿತು. ಕೊನೆಗೆ ತಡೆಯಲಾರದೆ ಅವಳು ಮೇಜಿನ ಕೆಳಗೆ ಏನೋ ಬಿತ್ತೆಂಬಂತೆ ಬಗ್ಗಿ, ಅಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಲೆ ಬಂದಾಗ ಕಣ್ಣಲ್ಲಿ ನೀರಿತ್ತು.

"ತಪ್ಪು ತಿಳೀಬೇಡಿ ಸರ್. ರಾಜರದ್ದಲ್ಲ ಅದು. ನಿಮ್ಮದು."

"ಏನು ನಮ್ಮದು?"

"ಕೊಡೆ."

ಮೇಷ್ಟ್ರು ಕೈಯಲ್ಲಿದ್ದ ಚೀಟಿಯನ್ನು ನೋಡಿದರು. ಆಮೇಲೆ ಖಾಲಿಯಾಗಿದ್ದ ತಮ್ಮ ಇನ್ನೊಂದು ಕೈಯನ್ನು ನೋಡಿದರು. ಕಿವಿಯ ತುದಿಯಿಂದ ಬಿಸಿ ಏರತೊಡಗಿತು.

"ನಮ್ಮ ಬ್ಯಾಚಲ್ಲೇ ಶುರುವಾಗಿದ್ದು ಸರ್" ಎಂದಳು ಅವಳು, ದನಿ ತಗ್ಗಿಸಿ. "ಮನೇಲಿ ಯಾರಾದ್ರೂ ಪಾಠ ಆಯ್ತಾ ಅಂದ್ರೆ ‘ಇಲ್ಲ, ಕೊಡೆ ಹಾಕಿದ್ರು’ ಅಂತಿದ್ವಿ. ಆಮೇಲೆ ನಾವೇ ಬೇರೆ ಕ್ಲಾಸು ತಪ್ಪಿಸುವಾಗ ಅದನ್ನೇ ಅಂದ್ವಿ. ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಹೋದ್ರು, ಪದಾನೂ ಜೊತೇಲಿ ಹೋಯ್ತು. ಆಗ ನಮಗೆ ಖುಷೀನೇ ಇತ್ತು, ಸುಳ್ಳು ಹೇಳಲ್ಲ. ಗಲಾಟೆ ಆಗದ ಹಾಗೆ ನಾನೇ ನೋಡ್ಕೊಳ್ತಿದ್ದೆ. ಮಳೆಗಾಲದಲ್ಲಿ ಕಿಟಕೀಲಿ ನಿಂತು ನೋಡ್ತಿದ್ವಿ, ನೀವು ಕರವಸ್ತ್ರ ಹಾಕ್ಕೊಂಡು ಓಡ್ತಿದ್ರಿ."

"ನಾನು ಸುಮ್ನೆ ತಿರುಗೋಕೆ ಹೋಗ್ತಿರಲಿಲ್ಲಮ್ಮ" ಎಂದರು ಮೇಷ್ಟ್ರು. "ಪದಕೋಶದ ಕೆಲಸ. ಮುಂದೆ ನಿಮಗೇ, ನಿಮ್ಮಂಥವರಿಗೇ ಅಂತ..."

"ಗೊತ್ತು ಸರ್. ಪುಸ್ತಕ ಚೆನ್ನಾಗೇ ಬರುತ್ತೆ, ನಿಮ್ಮ ಪಾಠ ಕೇಳಿದ ದಿನಗಳೆಲ್ಲ ನಂಗೆ ನೆನಪಿದೆ." ಅವಳು ಒಂದು ಕ್ಷಣ ತಡೆದು, ಹೇಳಲೋ ಬೇಡವೋ ಎಂದು ಪೆನ್ನಿನ ಮುಚ್ಚಳ ತಿರುವಿದಳು. "ನಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಿನ ದಪ್ಪ ಇದ್ದನಲ್ಲ, ಈಗ ವ್ಯಾನ್ ಓಡಿಸ್ತಾನೆ. ತಿಂಗಳಿಗೊಂದ್ಸಲ ಇಲ್ಲಿಗೆ ಬರ್ತಾನೆ, ರಜಾ ಅರ್ಜಿ ಬರೆಸಿಕೊಳ್ಳೋಕೆ. ನಾನಿಲ್ಲದ ದಿನ ಬಂದ್ರೆ ಅರ್ಜೀನೂ ಇಲ್ಲ, ಏನೂ ಇಲ್ಲ, ವ್ಯಾನ್ ನಿಲ್ಸಿ ಹೊರಟುಬಿಡ್ತಾನೆ. ರಜೆ ಕೇಳೋದು ಹೇಗೆ ಅಂತ ಗೊತ್ತಿದ್ರೆ ಕೇಳ್ತಿದ್ದ ಸರ್. ಅರ್ಜಿ ಬರೆಯೋ ಪಾಠ ಕೊನೇ ಪಿರಿಯಡ್‌ಗೆ ಇತ್ತು. ನೀವು ಹಲಗೆ ಮೇಲೆ ‘ಇಂದ’ ಅಂತ ಬರೆದು, ‘ಗೆ’ ಬರೆಯೋ ಮೊದಲು ಹೋದ್ರಿ."

ಮೇಷ್ಟ್ರು ಕೈಯಲ್ಲಿದ್ದ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಕೋಶ ಬಂದಾಗ ಒಂದು ಪ್ರತಿ ನಂಗೆ ಬೇಕೇ ಬೇಕು ಸರ್" ಎಂದು ಅವಳು ಸಮಾಧಾನದ ದನಿಯಲ್ಲಿ ಸೇರಿಸಿದಳು. "ಆದ್ರೆ ಅವನಂಥವರು ಅದನ್ನ ಹೇಗೆ ಓದ್ತಾರೋ, ಅದೊಂದೇ ನಂಗೆ ಅರ್ಥವಾಗಲ್ಲ."

ಗೋಡೆಯ ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಕೊನೆಯ ಪಿರಿಯಡ್ ಆಗತಾನೆ ಶುರುವಾಗಿರಬೇಕು. ಮೇಷ್ಟ್ರು ಹೊರಗೆ ಬಂದು ಬಿಸಿಲಲ್ಲಿ ನಿಂತರು. ಮನೆಗೆ ಹೋಗಿ ಮುಸುಕೆಳೆದು ಮಲಗೋಣ ಎನ್ನಿಸಿತು. ಬೇರೆ ಊರಿಗೆ ವರ್ಗ ಕೇಳೋಣ ಎನ್ನಿಸಿತು. ಆದರೆ ಆ ಊರಿಗೂ ಪದ ತಮಗಿಂತ ಮೊದಲೇ ಬಸ್ಸು ಹತ್ತಿ ಹೋಗಿದ್ದರೆ? ಹಾಗೆ ಯೋಚಿಸಿದ್ದೇ ಅವರಿಗೆ ನಗು ಬಂತು. ಬೇಡವೆಂದರೂ ಬಂತು. ಪದ ಮಾತ್ರ ಅಪ್ಪಟ ಚಿನ್ನ, ಆ ಮಕ್ಕಳಿಗೆ ಭಾಷೆ ಬರುವುದಿಲ್ಲ ಎಂದವರಾರು? ನಗುತ್ತಲೂ ನಾಚುತ್ತಲೂ ಅವರು ಶಾಲೆಯ ಕಡೆಗೆ ಕಾಲು ಹಾಕಿದರು.

ಬಾಗಿಲಲ್ಲಿ ಅವರನ್ನು ಕಂಡ ನಲವತ್ತು ಮಕ್ಕಳ ಮುಖ ನೋಡಬೇಕಿತ್ತು. ಮಲಗಿದ್ದವನನ್ನು ಪಕ್ಕದವನು ತಿವಿದ. ಅರ್ಧ ಹೆಣೆದ ಜಡೆ ಕೈಜಾರಿತು. ಯಾರೋ, "ಇನ್ನೂ ಗಂಟೆ ಆಗಿಲ್ವಲ್ಲ!" ಎಂದು ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು.

ಮೇಷ್ಟ್ರು ಸುತ್ತ ನೋಡಿದರು. ಕಿಟಕಿಯ ಪಕ್ಕದ ಕೊನೆಯ ಜಾಗ ಖಾಲಿ ಇತ್ತು. ಅಲ್ಲಿ ಕೂರುವ ಹುಡುಗಿಗೆ ಬಿರುಗಾಳಿ ಎಂದೇ ಹೆಸರು.

"ಬಿರುಗಾಳಿ ಎಲ್ಲಿ?"

"ಕೊಡೆ ಹಾಕಿ..." ಎಂದ ಮೊದಲ ಬೆಂಚಿನ ಹುಡುಗ ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ಎಂದಿನಂಥದೇ ಮುತ್ತಿನ ಅಕ್ಷರಗಳಲ್ಲಿ ‘ಕೊಡೆ ಹಾಕು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

"ಅರ್ಥ ಹೇಳಿ. ಸ್ವಂತ ವಾಕ್ಯದಲ್ಲಿ ಬಳಸಿ."

ಮೇಷ್ಟ್ರು ಕಾದರು. ಕೊನೆಗೆ ಜಡೆ ಹೆಣೆಯುತ್ತಿದ್ದವಳು ಎದ್ದು, ನೆಲ ನೋಡುತ್ತ, ಒಂದೇ ಉಸಿರಿಗೆ ಹೇಳಿದಳು: "ಇರೋ ಹಾಗೆ ತೋರಿಸಿ ಇಲ್ಲದೇ ಇರೋದು ಸರ್. ‘ನಮ್ಮಣ್ಣ ಓದ್ತೀನಿ ಅಂತ ಪುಸ್ತಕ ತೆಗೆದಿಟ್ಟು ಕೊಡೆ ಹಾಕಿದ.’"

"ಸೊಗಸಾದ ವಾಕ್ಯ. ಈ ಪದ ಎಲ್ಲಿಂದ ಬಂತು?"

ಈ ಪ್ರಶ್ನೆಗೆ ಮಾತ್ರ ಎಲ್ಲರೂ ಬೆಂಚಿನ ಕೆಳಗೆ ಏನೋ ಹುಡುಕತೊಡಗಿದರು.

"ಇಲ್ಲಿಂದ" ಎಂದರು ಮೇಷ್ಟ್ರು, ಕುರ್ಚಿಯ ಬೆನ್ನು ತಟ್ಟಿ. "ನಂಗೆ ಇವತ್ತು ಗೊತ್ತಾಯ್ತು. ಎಂಟು ವರ್ಷ ತಡ. ನಿಮಗೆಲ್ಲ ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ."

ಒಬ್ಬ ಕಿಸಕ್ಕೆಂದ. ಮೇಷ್ಟ್ರೂ ನಕ್ಕರು. ಆಮೇಲೆ ಕಟ್ಟೆ ಒಡೆದಂತೆ ಇಡೀ ತರಗತಿ ನಕ್ಕಿತು. ಆ ನಗುವಿನ ಮಧ್ಯೆಯೇ ಅವರು ಚೀಟಿ ತೆಗೆದು, ಚಕ್ಕರ್, ಡುಮ್ಕಿ, ಬಂಕ್ ಎಂದು ಒಂದೊಂದಾಗಿ ಬರೆದು ಇನ್ನೇನಿದೆ ಎಂದು ಕೇಳಿದರು. ಒಬ್ಬಳ ಅಜ್ಜನ ಕಡೆಯವರು ಅದಕ್ಕೆ ‘ಗೋಡೆಗೆ ಪಾಠ ಹೇಳೋದು’ ಎನ್ನುತ್ತಾರಂತೆ. ಒಬ್ಬನ ಚಿಕ್ಕಪ್ಪ ಕೆಲಸ ಮಾಡುವಲ್ಲಿ ‘ಗಾಳಿಗೆ ಬೀಗ ಹಾಕೋದು’ ಅಂತಾರಂತೆ. ಹನ್ನೊಂದು ವರ್ಷ ಚಹದಂಗಡಿಯಲ್ಲಿ ಕೂತರೂ ಕಿವಿಗೆ ಬೀಳದ ಪದಗಳು ಅರ್ಧ ಗಂಟೆಯಲ್ಲಿ ಹಲಗೆ ತುಂಬಿದವು. ಗಂಟೆ ಬಾರಿಸಿದ್ದು ಮೇಷ್ಟ್ರಿಗೂ ಕೇಳಿಸಲಿಲ್ಲ.

ಗದ್ದಲಕ್ಕೆ ಹೆಡ್‌ಮಿಸ್ ಓಡಿಬಂದರು. "ಏನಿದು ಮೇಷ್ಟ್ರೇ, ಇಷ್ಟು ದಿನ ಎಷ್ಟು ಚೆನ್ನಾಗಿ ಶಾಂತವಾಗಿತ್ತು ನಿಮ್ಮ ಕ್ಲಾಸು!"

"ಇಷ್ಟು ದಿನ ನಾನಿರಲಿಲ್ಲ ಮೇಡಂ" ಎಂದರು ಮೇಷ್ಟ್ರು. "ನೀವು ಕಿಟಕಿಯಿಂದ ನೋಡ್ತಿದ್ರಲ್ಲ, ಒಂದ್ಸಲ ಒಳಗೆ ಬಂದಿದ್ರೆ ಗೊತ್ತಾಗ್ತಿತ್ತು."

ಮರುದಿನದಿಂದ ಹೆಡ್‌ಮಿಸ್ ಎಲ್ಲ ತರಗತಿಗಳ ಒಳಕ್ಕೂ ಕಾಲಿಟ್ಟು ನೋಡತೊಡಗಿದರು. ಗಣಿತದವರು ಆ ವಾರವಿಡೀ ಭಾಷಾ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದು ಯಾಕೆಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದು ಕೂತರು. ನಕ್ಕು ಸಾಕಾದ ಮೇಲೆ, "ಅಂದ್ರೆ ನನ್ನ ಭುಜನೋವಿನ ಮೂಲಪುರುಷರು ನೀವೇ ಅನ್ನಿ" ಎಂದರು. ಆ ಮಾತು ನಗುತ್ತ ಆಡಿದ್ದಾದರೂ ಮೇಷ್ಟ್ರಿಗೆ ನಾಟಿತು. ಅವತ್ತು ಅವರು ಎರಡು ಕೈಯಲ್ಲಿ ಮುಲಾಮು ತಿಕ್ಕಿದರು. ಮುಂದಿನ ಭಾನುವಾರ ಅಂಚೆ ಕಚೇರಿಯ ಹುಡುಗಿಯ ಮೂಲಕ ದಪ್ಪನನ್ನು ಕರೆಸಿಕೊಂಡರು. ವ್ಯಾನಿನ ಬಾನೆಟ್ಟಿನ ಮೇಲೆ ಹಾಳೆ ಹರಡಿ, ‘ಇಂದ’ದ ಕೆಳಗೆ ‘ಗೆ’ ಬರೆಸಿದರು. ಮೂರನೆಯ ಭಾನುವಾರಕ್ಕೆ ಅವನು ಒಬ್ಬನೇ ಕೂತು ಅರ್ಜಿ ಬರೆದ. ಕಾರಣದ ಜಾಗದಲ್ಲಿ ‘ನಿದ್ದೆ ಸಾಲದು’ ಎಂದಿತ್ತು. ಕಾಗುಣಿತ ತಪ್ಪಿರಲಿಲ್ಲವಾದ್ದರಿಂದ ಮೇಷ್ಟ್ರು ತಿದ್ದಲು ಹೋಗಲಿಲ್ಲ.

ಶಾಲೆಯಲ್ಲಿ ಹೊಸ ಪದ್ಧತಿ ಬಂತು. ಪಾಠ ಮುಗಿದ ಮೇಲೆ ಕೊನೆಯ ಹತ್ತು ನಿಮಿಷ ದಿನಕ್ಕೊಬ್ಬರು ಮನೆಯಿಂದಲೋ ಬೀದಿಯಿಂದಲೋ ಒಂದು ಪದ ತರಬೇಕು, ಅದರ ಹುಟ್ಟು ಪತ್ತೆ ಮಾಡಿ ಹೇಳಬೇಕು. ಚೀಟಿಯ ಮೇಲೆ ತಂದವರ ಹೆಸರು. ಎಲ್ಲರಿಗೂ ಇದು ಹಿಡಿಸಿತು ಎನ್ನಲಾಗದು. ಮಲಗುತ್ತಿದ್ದ ಹುಡುಗ ಮೊದಲ ವಾರ ದೀನನಾಗಿ ಕೇಳಿದ್ದ: "ಸರ್, ನಾಳೇನೂ ಬರ್ತೀರಾ?" ಬರ್ತೀನಿ ಎಂದಾಗ, "ದಿನಾ?" ಎಂದಿದ್ದ. ದಿನಾ ಎಂದಾಗ ಅವನು ಬಿಟ್ಟ ನಿಟ್ಟುಸಿರಿಗೆ ಹಲಗೆಯ ಸುಣ್ಣ ಉದುರಬೇಕಿತ್ತು.

ಬಿರುಗಾಳಿ ಮಾತ್ರ ಹತೋಟಿಗೆ ಬರಲಿಲ್ಲ. ಬೆಳಿಗ್ಗೆ ಬರುವಳು, ಊಟದ ಬಿಡುವಿಗೆ ಹಾರುವಳು. ಕೆಲವು ದಿನ ಬರುವುದೇ ಇಲ್ಲ. ಮೇಷ್ಟ್ರು ಬೈಯಲಿಲ್ಲ. ಬೈಯುವ ಬಾಯಿ ತಮಗಿನ್ನೂ ಬಂದಿಲ್ಲ ಎಂದುಕೊಂಡರು. ಪದದ ಸರದಿಯ ಪಟ್ಟಿಯಲ್ಲಿ ಅವಳ ಹೆಸರನ್ನೂ ಬರೆದು, ಅವಳ ಬೆಂಚಿನ ಮೇಲೆ ಒಂದು ಖಾಲಿ ಚೀಟಿ ಇಟ್ಟು ಸುಮ್ಮನಾದರು.

ಒಂದು ತಿಂಗಳು ಕಳೆದಿರಬಹುದು. ಕೊನೆಯ ಎರಡು ಪಿರಿಯಡ್‌ಗೆಂದು ಮೇಷ್ಟ್ರು ವರಾಂಡದಲ್ಲಿ ಹೋಗುತ್ತಿದ್ದಾಗ ಹಿತ್ತಲ ಗೋಡೆಯ ಮೇಲೆ ಎರಡು ಕಾಲು ಕಂಡವು. ಧೂಳು ಹಿಡಿದ ಬೂಟು, ಜಾರಿದ ಕಾಲುಚೀಲ. ಯಾರೋ ಓಡಿಹೋಗುತ್ತಿದ್ದಾರೆಂದು ಅವರು ಬಿರಬಿರನೆ ಅತ್ತ ಹೋದರು. ಹತ್ತಿರ ಹೋಗಿ ನೋಡಿದರೆ ಕಾಲುಗಳು ಒಳಗಡೆಗೆ ಇಳಿಯುತ್ತಿದ್ದವು.

ಬಿರುಗಾಳಿ ಅವರನ್ನು ಕಂಡು ಗೋಡೆಯ ಮೇಲೇ ಗರಬಡಿದಂತೆ ಕೂತಳು. ಚೀಲವಿಲ್ಲ, ಪುಸ್ತಕವಿಲ್ಲ. ಕೈಯಲ್ಲಿ ಬೆವರಿಗೆ ಒದ್ದೆಯಾದ ಒಂದು ಚೀಟಿ ಮಾತ್ರ.

"ಬೆಳಿಗ್ಗೆಯಿಂದ ಎಲ್ಲಿದ್ದೆ?"

"ಕೆರೆ ಹತ್ರ ಸರ್."

"ಮತ್ತೆ ಈಗ್ಯಾಕೆ ಬಂದೆ?"

"ಇವತ್ತು ನನ್ನ ಸರದಿ ಸರ್. ದೋಣಿ ಅಜ್ಜನ ಹತ್ರ ಒಂದು ಪದ ಸಿಕ್ತು, ಯಾರೂ ಕೇಳೇ ಇಲ್ಲ ಅಂಥದ್ದು. ಗೇಟಲ್ಲಿ ಬಂದ್ರೆ ವಾಚ್‌ಮನ್ ಅಣ್ಣ ಹೆಸರು ಬರ್ಕೊಳ್ತಾರೆ." ಅವಳು ಉಗುಳು ನುಂಗಿದಳು. "ಹೆಡ್‌ಮಿಸ್ ಹತ್ರ ಕರ್ಕೊಂಡು ಹೋಗ್ತೀರಾ?"

ಮೇಷ್ಟ್ರು ಕೈ ಚಾಚಿ ಅವಳನ್ನು ಮೆಲ್ಲಗೆ ಕೆಳಗಿಳಿಸಿದರು. ಅವಳ ಮಂಡಿಗೆ ಮೆತ್ತಿದ್ದ ಸುಣ್ಣ ಒರೆಸಿಕೊಳ್ಳಲು ತಮ್ಮ ಕರವಸ್ತ್ರ ಕೊಟ್ಟರು.

"ಮೊದಲು ಪದ ಹೇಳು. ಬೆಳಿಗ್ಗೆ ನೀನು ಗಣಿತದ ಪಾಠ ತಪ್ಪಿಸಿದ್ದೀಯಲ್ಲ, ಆಮೇಲೆ ಇಬ್ಬರೂ ಹೋಗಿ ಗಣಿತದವರ ಹತ್ರ ನಿಂತ್ಕೊಳ್ಳೋಣ. ನಂಗೂ ಅವರ ಹತ್ರ ಸ್ವಲ್ಪ ಬೈಸ್ಕೊಳ್ಳೋದು ಬಾಕಿ ಇದೆ."

ಬಿರುಗಾಳಿ ಮುಖ ಅರಳಿಸಿ ತರಗತಿಯ ಕಡೆಗೆ ಓಡಿದಳು. ಅವಳು ಅರ್ಧ ದಾರಿಯಲ್ಲಿದ್ದಾಗ ಮೇಷ್ಟ್ರು ಕೂಗಿ ಹೇಳಿದರು:

"ಬೆಳಿಗ್ಗೆ ಹೊತ್ತು ಗೇಟು ತೆರೆದೇ ಇರುತ್ತೆ ಕಣಮ್ಮ. ಗೋಡೆ ಹತ್ತೋ ಕಷ್ಟಾನೇ ಇರಲ್ಲ!"